ಕ್ಯಾಸನೂರು ಕಾಡು ಕೇಳಿದ ಪ್ರಶ್ನೆಗಳು



ಮಾನವಿಕಗಳು, ವಿಜ್ಞಾನಗಳು, ಸಮಾಜದ ಅಧ್ಯಯನಗಳು, ಈ ಮೂರೂ ಕಡೆ ನಡೆಯುವ ಸಂಶೋಧನೆಯ ವೈವಿಧ್ಯವನ್ನು ಕುರಿತು ಮಾತನಾಡಬೇಕೆಂದು ಈ ದತ್ತಿ ಉಪನ್ಯಾಸದ ಸಂಚಾಲಕರು ಕೇಳಿದ್ದಾರೆ. ವಿಭಾಗಗಳ ಹೆಸರನ್ನು ಒಂದೊಂದಾಗಿ ಓದಿ, ಪ್ರತಿಯೊಂದರ ಸಾಧನೆಯನ್ನು ಎರಡೆರಡು ಮಾತಿನಲ್ಲಿ ಹೊಗಳಿ ಕೂರುವ ಉಪನ್ಯಾಸದಿಂದ ಯಾರಿಗೂ ಉಪಯೋಗವಿಲ್ಲ. ಅದರ ಬದಲು ಒಂದೇ ಊರಿನ ಹೆಸರು ಹಿಡಿದು ಹೊರಡುತ್ತೇನೆ. ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕಿನ ಕ್ಯಾಸನೂರು. ನಾವು ಮಂಗನ ಕಾಯಿಲೆ ಎಂದು ಕರೆಯುವ ರೋಗ ಜಗತ್ತಿನ ವೈದ್ಯಗ್ರಂಥಗಳಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ, ಕೆ.ಎಫ್.ಡಿ., ಎಂದೇ ದಾಖಲಾಗಿದೆ. ಉಣುಗಿನಿಂದ ಹರಡುವ ವೈರಾಣುಗಳನ್ನು ಅಭ್ಯಾಸ ಮಾಡುವವರು ಯಾವ ದೇಶದಲ್ಲಿದ್ದರೂ ಈ ಹಳ್ಳಿಯ ಹೆಸರನ್ನು ಓದಿರುತ್ತಾರೆ.

ಈ ಒಂದು ಕಾಯಿಲೆಯ ಬೆನ್ನು ಹತ್ತಿದವರಲ್ಲಿ ವೈದ್ಯರಿದ್ದಾರೆ, ವೈರಾಣು ತಜ್ಞರಿದ್ದಾರೆ, ಉಣುಗು ಎಣಿಸಿದವರಿದ್ದಾರೆ, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿದವರಿದ್ದಾರೆ, ದನ ಮೇಯುವ ಹಾದಿಯನ್ನು ಗಮನಿಸಿದವರಿದ್ದಾರೆ, ಹಳ್ಳಿಯ ಜಗಲಿಯಲ್ಲಿ ಕೂತು ಜನರ ಮಾತು ಬರೆದುಕೊಂಡ ಮಾನವಶಾಸ್ತ್ರಜ್ಞರಿದ್ದಾರೆ, ಉಪಗ್ರಹದ ಚಿತ್ರ ನೋಡಿ ನಕಾಶೆ ಬರೆದವರಿದ್ದಾರೆ. ಇವರಲ್ಲಿ ಯಾರೊಬ್ಬರ ಕೈಯಲ್ಲೂ ಪೂರ್ತಿ ಉತ್ತರ ಇರಲಿಲ್ಲ ಎಂಬುದನ್ನು ನೀವೇ ಊಹಿಸಬಲ್ಲಿರಿ. ನಾನು ಹೇಳಬೇಕೆಂದಿರುವುದು ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಮಾತು. ವಿದ್ಯೆಗಳು ಹಲವಿದ್ದವು, ಒಳ್ಳೆಯ ಕೆಲಸವನ್ನೂ ಮಾಡಿದವು. ಆದರೆ ಒಂದು ವಿದ್ಯೆ ಕಂಡುಕೊಂಡದ್ದು ಇನ್ನೊಂದರ ಕೆಲಸಕ್ಕೆ ಒದಗಲು ಐವತ್ತು ವರ್ಷ ಹಿಡಿಯಿತು. ಆ ವಿಳಂಬದ ಬೆಲೆಯನ್ನು ತೆತ್ತವರು ಕಾಡಿನಂಚಿನ ಮನೆಗಳವರು.

1957ರ ಬೇಸಿಗೆಯ ಆರಂಭದಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಮುಸಿಯಗಳೂ ಸತ್ತವು, ಕೆಂಪು ಮೋರೆಯ ಸಾಮಾನ್ಯ ಮಂಗಗಳೂ ಸತ್ತವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಇದ್ದಕ್ಕಿದ್ದಂತೆ ಏರುವ ಜ್ವರ, ತಲೆ ಸೀಳುವ ನೋವು, ಸೊಂಟ ಕಾಲು ಮುರಿದುಹೋದಂಥ ಮೈಕೈ ನೋವು, ಕೆಲವರಿಗೆ ಮೂಗು ಒಸಡುಗಳಲ್ಲಿ ರಕ್ತ. ಮಂಗನ ಸಾವಿಗೂ ಮನುಷ್ಯನ ಜ್ವರಕ್ಕೂ ನಂಟಿದೆ ಎಂದು ಮೊದಲು ಗುರುತಿಸಿದವರು ಆ ಹಳ್ಳಿಗಳ ಜನ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಈ ಕಾಯಿಲೆಯ ಕುರಿತ ಮೊದಲ ಸಂಶೋಧನಾ ಊಹೆ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ.

ಪುಣೆಯಲ್ಲಿ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಕೂಡಿ ವೈರಸ್ ಸಂಶೋಧನಾ ಕೇಂದ್ರವನ್ನು ತೆರೆದಿದ್ದವು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಆಗ ಅದರ ನಿರ್ದೇಶಕರಾಗಿದ್ದ ಟೆಲ್ಫರ್ಡ್ ವರ್ಕ್ ಮತ್ತು ಅವರ ತಂಡ ಸೊರಬಕ್ಕೆ ಬಂದಾಗ ಅವರ ಎದೆಯಲ್ಲಿದ್ದ ಭಯ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಆ ಜ್ವರ ಭಾರತಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ನಮ್ಮ ಪಟ್ಟಣಗಳಲ್ಲೆಲ್ಲ ತುಂಬಿತ್ತು. ಸತ್ತ ಮುಸಿಯದಿಂದಲೂ ರೋಗಿಗಳ ರಕ್ತದಿಂದಲೂ ವೈರಾಣುವನ್ನು ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರವಲ್ಲ ಎಂದು ಖಚಿತವಾಯಿತು. ಅಚ್ಚರಿಯೆಂದರೆ ಅದರ ಹತ್ತಿರದ ಬಂಧುಗಳಿದ್ದದ್ದು ರಷ್ಯದ ಶೀತಪ್ರದೇಶದಲ್ಲಿ, ಉಣುಗು ಕಡಿತದಿಂದ ಬರುವ ಮೆದುಳು ಜ್ವರದ ವೈರಾಣುಗಳ ಗುಂಪಿನಲ್ಲಿ.

ಇಲ್ಲಿಂದ ಪ್ರಶ್ನೆ ವೈರಾಣು ತಜ್ಞರ ಮೇಜು ಬಿಟ್ಟು ಎರಡು ದಿಕ್ಕಿಗೆ ಹೊರಟಿತು. ಒಂದು, ಉಣುಗು ಬಲ್ಲವರ ಕಡೆಗೆ. ಇನ್ನೊಂದು, ಹಕ್ಕಿ ಬಲ್ಲವರ ಕಡೆಗೆ.

ಉಣುಗಿನ ಅಧ್ಯಯನ ನಡೆದದ್ದು ಸಾಗರದಲ್ಲಿ ತೆರೆದ ಕ್ಷೇತ್ರ ಕೇಂದ್ರದಿಂದ. ಬಿಳಿ ಬಟ್ಟೆಯೊಂದನ್ನು ತರಗೆಲೆಯ ಮೇಲೆ ಎಳೆದುಕೊಂಡು ಹೋಗುವುದು, ಅದಕ್ಕೆ ಅಂಟಿದ ಉಣುಗುಗಳನ್ನು ಎಣಿಸುವುದು, ಜಾತಿ ಗುರುತಿಸುವುದು, ವೈರಾಣು ಇದೆಯೇ ಎಂದು ಪರೀಕ್ಷಿಸುವುದು. ಇದು ವರ್ಷವಿಡೀ, ಋತುಋತುವಿಗೆ ಮಾಡಬೇಕಾದ ಕೆಲಸ. ಮುಂದೆ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ನಿರ್ದೇಶಕರಾದ ಪಿ. ಕೆ. ರಾಜಗೋಪಾಲನ್ ಅವರು ತಮ್ಮ ಎಳೆಯ ವಯಸ್ಸಿನ ಹಲವು ವರ್ಷಗಳನ್ನು ಈ ಕಾಡುಗಳಲ್ಲಿ ಕಳೆದರು. ಈ ವೈರಾಣುವಿನ ಜೊತೆ ಕೆಲಸ ಮಾಡುತ್ತಲೇ ಕಾಯಿಲೆ ತಗುಲಿಸಿಕೊಂಡ ಸಂಶೋಧಕರೂ ಪ್ರಯೋಗಾಲಯದ ಸಿಬ್ಬಂದಿಯೂ ಹಲವರಿದ್ದಾರೆ. ಅವರ ಧೈರ್ಯಕ್ಕೆ ಈ ವೇದಿಕೆಯಿಂದ ನಾನು ನಮಸ್ಕರಿಸುತ್ತೇನೆ.

ಅವರು ಕಂಡುಕೊಂಡದ್ದೇನು? ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಈ ವೈರಾಣುವಿನ ಮುಖ್ಯ ವಾಹಕ. ಮಳೆಗಾಲದ ಬಳಿಕ ಮೊಟ್ಟೆಯೊಡೆದು ಬರುವ ಮರಿಗಳು ಇಲಿ, ಮೂಗಿಲಿ, ನೆಲದ ಹಕ್ಕಿ, ಮಂಗಗಳ ರಕ್ತ ಹೀರುತ್ತವೆ. ಮರಿ ಬೆಳೆದು ಎರಡನೆಯ ಹಂತಕ್ಕೆ ಬಂದಾಗ ಅದು ಎಳ್ಳುಕಾಳಿಗಿಂತ ಚಿಕ್ಕದು. ಮನುಷ್ಯನನ್ನು ಕಡಿಯುವುದು ಹೆಚ್ಚಾಗಿ ಈ ಹಂತದ ಉಣುಗು, ಡಿಸೆಂಬರಿನಿಂದ ಮೇ ತನಕ. ಬಲಿತ ಉಣುಗಿಗೆ ಬೇಕಾದದ್ದು ದೊಡ್ಡ ಪ್ರಾಣಿ, ಅಂದರೆ ಕಾಡುಪ್ರಾಣಿ ಅಥವಾ ದನ. ಮಂಗ ಕಾಯಿಲೆಯಿಂದ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗುಗಳೆಲ್ಲ ಇಳಿದು ಅಲ್ಲೇ ಸುತ್ತ ಹರಡುತ್ತವೆ. ಆರೋಗ್ಯ ಇಲಾಖೆಯವರು ಮಂಗ ಸತ್ತ ಜಾಗದ ಸುತ್ತ ಔಷಧಿ ಪುಡಿ ಉದುರಿಸುವುದು ಅದಕ್ಕಾಗಿಯೇ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ರೋಗ ಹತ್ತಿದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ವೈರಾಣುವನ್ನು ನೇರವಾಗಿ ಕೊಲ್ಲುವ ಔಷಧಿ ಇಲ್ಲ.

ಡಿಸೆಂಬರಿನಿಂದ ಮೇ ಎಂದೆನಲ್ಲ, ಮಲೆನಾಡಿನವರು ಈ ತಿಂಗಳುಗಳನ್ನು ಬೇರೆ ರೀತಿ ಬಲ್ಲರು. ಅಡಿಕೆ ಕೊನೆ ಇಳಿಸಿ ಸುಲಿದು ಬೇಯಿಸುವ ಕಾಲ ಅದರೊಳಗೇ ಬರುತ್ತದೆ. ಬೆಟ್ಟದಿಂದ ಸೊಪ್ಪು ಕಡಿದು ತರುವುದು, ಕೊಟ್ಟಿಗೆಗೂ ತೋಟಕ್ಕೂ ತರಗೆಲೆ ಗುಡಿಸಿ ಹೊರುವುದು, ಮಳೆಗಾಲಕ್ಕೆ ಸೌದೆ ಕೂಡಿಡುವುದು, ಎಲ್ಲವೂ ಇದೇ ತಿಂಗಳುಗಳ ಕೆಲಸ. ಕೀಟತಜ್ಞರ ಋತುಪಟ್ಟಿಯನ್ನೂ ಮಲೆನಾಡಿನ ದುಡಿಮೆಯ ಪಂಚಾಂಗವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಆದರೆ ಪಕ್ಕಪಕ್ಕ ಇಡುವ ಕೆಲಸ ಕೀಟವಿಜ್ಞಾನದ್ದೂ ಅಲ್ಲ, ಕೃಷಿ ಅರ್ಥಶಾಸ್ತ್ರದ್ದೂ ಅಲ್ಲ ಎಂದು ಇಬ್ಬರೂ ಬಿಟ್ಟರೆ ಆ ಕೆಲಸ ಹಾಗೇ ಉಳಿದುಬಿಡುತ್ತದೆ.

ಇನ್ನು ಹಕ್ಕಿಗಳ ಮಾತು. ರಷ್ಯದ ವೈರಾಣುವಿನ ನೆಂಟ ಸೊರಬಕ್ಕೆ ಬಂದದ್ದು ಹೇಗೆ? ಚಳಿಗಾಲಕ್ಕೆ ಸೈಬೀರಿಯದಿಂದ ಬರುವ ವಲಸೆ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದೇ? ಇದನ್ನು ಪರೀಕ್ಷಿಸಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳನ್ನು ಹಿಡಿದು, ಉಂಗುರ ತೊಡಿಸಿ, ಮೈಮೇಲಿನ ಉಣುಗುಗಳನ್ನು ಪರೀಕ್ಷೆಗೆ ಕಳಿಸುವ ದೊಡ್ಡ ಕೆಲಸವನ್ನು ಕೈಗೆತ್ತಿಕೊಂಡಿತು. ಭರತಪುರದಂಥ ಜಾಗಗಳಲ್ಲಿ ವರ್ಷಗಟ್ಟಲೆ ನಡೆದ ಆ ಅಧ್ಯಯನದಿಂದ, ಹಕ್ಕಿಗಳು ಈ ವೈರಾಣುವನ್ನು ಉತ್ತರದಿಂದ ತಂದವು ಎನ್ನಲು ಪುರಾವೆ ಸಿಗಲಿಲ್ಲ. ಸಿಕ್ಕದ್ದು ಬೇರೆ: ಭಾರತಕ್ಕೆ ಬರುವ ಹಕ್ಕಿಗಳು ಎಲ್ಲಿಂದ ಬರುತ್ತವೆ, ಯಾವ ದಾರಿಯಲ್ಲಿ ಬರುತ್ತವೆ ಎಂಬ ಅಮೂಲ್ಯ ಜ್ಞಾನ. ಸೊರಬದ ಜ್ವರವೊಂದು ಭಾರತೀಯ ಪಕ್ಷಿವಿಜ್ಞಾನಕ್ಕೆ ಹೊಸ ಅಡಿಪಾಯ ಹಾಕಿಕೊಟ್ಟಿತು. ಒಂದು ಪ್ರಶ್ನೆಗೆ "ಅಲ್ಲ" ಎಂಬ ಉತ್ತರ ಬಂದರೆ ಆ ಸಂಶೋಧನೆ ವ್ಯರ್ಥ ಎನ್ನುವವರು ಈ ಉದಾಹರಣೆಯನ್ನು ಗಮನಿಸಬೇಕು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. 1960ರ ದಶಕದಲ್ಲಿ ಈ ಹಕ್ಕಿ ಅಧ್ಯಯನಕ್ಕೆ ಅಮೆರಿಕದ ಸೇನೆಗೆ ಸೇರಿದ ಸಂಶೋಧನಾ ಯೋಜನೆಯೊಂದರ ಹಣವೂ ಬಂತು. ಶೀತಲ ಸಮರದ ಕಾಲ. ಹಕ್ಕಿಗಳ ದಾರಿ, ಅವು ಹೊತ್ತೊಯ್ಯುವ ರೋಗಾಣು, ಇವುಗಳಲ್ಲಿ ಸೇನೆಗೆ ಏಕೆ ಆಸಕ್ತಿ ಎಂಬ ಅನುಮಾನ ಪತ್ರಿಕೆಗಳಲ್ಲೂ ಸಂಸತ್ತಿನಲ್ಲೂ ಎದ್ದಿತು. 1970ರ ದಶಕದ ಮಧ್ಯದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ನೆರವಿನ ಸಂಶೋಧನಾ ಯೋಜನೆಗಳನ್ನು ಕಟುವಾಗಿ ಪರಿಶೀಲಿಸಿತು. ಹಕ್ಕಿ ಹಿಡಿದವರು ಹಕ್ಕಿಯನ್ನಷ್ಟೇ ನೋಡಿದ್ದರು ಎಂದೇ ನಾನು ನಂಬುತ್ತೇನೆ. ಆದರೆ ಹಣ ಎಲ್ಲಿಂದ ಬಂತು, ದತ್ತಾಂಶ ಯಾರ ಬಳಿ ಹೋಯಿತು ಎಂದು ಕೇಳುವುದೂ ಸಂಶೋಧನೆಯೇ. ಅದು ಇತಿಹಾಸಕಾರನ, ರಾಜ್ಯಶಾಸ್ತ್ರಜ್ಞನ ಕೆಲಸ. ಹಕ್ಕಿ ಬಲ್ಲವರಿಂದ ಅದನ್ನು ನಿರೀಕ್ಷಿಸಬಾರದು, ಅವರಿಗಾಗಿ ಅದನ್ನು ಮಾಡದೆಯೂ ಇರಬಾರದು.

ಈಗ ನನಗೆ ಬಹಳ ಮುಖ್ಯವೆನಿಸುವ ಒಬ್ಬ ವಿಜ್ಞಾನಿಯ ಬಳಿಗೆ ಬರುತ್ತೇನೆ. ಹೋರ್ಹೆ ಬೋಶೆಲ್, ಕೊಲಂಬಿಯದವರು. ತಮ್ಮ ದೇಶದ ಕಾಡಿನಲ್ಲಿ ಹಳದಿ ಜ್ವರ ಮರ ಕಡಿಯುವವರಿಗೇ ಏಕೆ ಹೆಚ್ಚು ತಗಲುತ್ತದೆ ಎಂದು ಅವರು ತಲೆ ಕೆಡಿಸಿಕೊಂಡಿದ್ದರು. ಒಂದು ದಿನ ಕೂಲಿಗಳು ದೊಡ್ಡ ಮರವೊಂದನ್ನು ಉರುಳಿಸಿದಾಗ ಮರದ ನೆತ್ತಿಯಲ್ಲಿ ಬದುಕುವ ನೀಲಿ ಸೊಳ್ಳೆಗಳು ಕೆಳಗಿಳಿದು ಅವರನ್ನು ಮುತ್ತಿದ್ದನ್ನು ಕಣ್ಣಾರೆ ಕಂಡರು. ನೆತ್ತಿಯಲ್ಲಿ ಮಂಗಗಳ ನಡುವೆ ತಿರುಗುತ್ತಿದ್ದ ರೋಗ ಕೊಡಲಿ ಏಟಿನಿಂದ ನೆಲಕ್ಕೆ ಬಂದಿತ್ತು. ಆ ಕಣ್ಣಿನವರು ಮಲೆನಾಡಿಗೆ ಬಂದು, ಇಲ್ಲಿನ ಕಾಡನ್ನು ವರ್ಷಗಟ್ಟಲೆ ನೋಡಿ, 1969ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದರ ತಿರುಳು ಇಷ್ಟು. ವೈರಾಣು ಕಾಡಿನ ಸಣ್ಣ ಪ್ರಾಣಿಗಳು ಮತ್ತು ಉಣುಗುಗಳ ನಡುವೆ ಸದ್ದಿಲ್ಲದೆ ಬದುಕಿಕೊಂಡಿತ್ತು. ಜನಸಂಖ್ಯೆ ಏರಿತು, ಕಾಡಿನ ಅಂಚು ಕಡಿದು ಗದ್ದೆ ತೋಟಗಳಾದವು, ಕಡಿದ ಜಾಗದ ಸುತ್ತ ಪೊದೆ ಬೆಳೆಯಿತು, ಮೇಯಲು ದನ ಕಾಡಿಗೆ ನುಗ್ಗಿದವು. ಬಲಿತ ಉಣುಗಿಗೆ ಬೇಕಾದ ದೊಡ್ಡ ಪ್ರಾಣಿ ಹಿಂಡುಹಿಂಡಾಗಿ ಸಿಕ್ಕಿತು. ಉಣುಗು ಹೆಚ್ಚಿತು, ಮಂಗಗಳಿಗೆ ರೋಗ ಹತ್ತಿತು, ಮಂಗ ಸತ್ತ ಕಡೆ ಮನುಷ್ಯ ಓಡಾಡಿದ.

ಈ ವಾದ ಪರಿಸರ ವಿಜ್ಞಾನಿಯದು, ಆದರೆ ಅದರ ಅರ್ಧ ಪುರಾವೆ ಇತಿಹಾಸದಲ್ಲಿದೆ. ಮಲೆನಾಡಿನ ಜನಸಂಖ್ಯೆ ದಶಕಗಳ ಕಾಲ ಏರದೆ, ಕೆಲವು ಕಡೆ ಇಳಿಯುತ್ತ ಹೋದದ್ದನ್ನು ಹಳೆಯ ಮೈಸೂರಿನ ಜನಗಣತಿ ವರದಿಗಳು ಗುರುತಿಸಿವೆ. ಕಾರಣ ಮಲೇರಿಯ. ಸ್ವಾತಂತ್ರ್ಯಾನಂತರ ಡಿ.ಡಿ.ಟಿ. ಬಂದು ಮಲೇರಿಯ ತಗ್ಗಿದ ಮೇಲೆ ಜನ ಮರಳಿ ಬಂದರು, ಹೊಸಬರೂ ಬಂದರು, ನೆಲ ಸಾಗುವಳಿಗೆ ಒಳಗಾಯಿತು. ಒಂದು ರೋಗವನ್ನು ಗೆದ್ದದ್ದು ಇನ್ನೊಂದು ರೋಗಕ್ಕೆ ದಾರಿಯಾಯಿತೇ? ಈ ಪ್ರಶ್ನೆಯನ್ನು ಸರಿಯಾಗಿ ಕೇಳಬೇಕಾದರೆ ಕಂದಾಯ ದಾಖಲೆ ಓದಬಲ್ಲವರು ಬೇಕು. ಸೊರಬದ ಕಾನುಗಳ ಕಥೆಯನ್ನೂ ಬಲ್ಲವರು ಬೇಕು. ಊರಿಗೆ ನೀರು, ಮೆಣಸು, ದೇವರು ಎಲ್ಲವನ್ನೂ ಕೊಡುತ್ತಿದ್ದ ಈ ಕಾನು ಕಾಡುಗಳ ಬಗ್ಗೆ 1868ರಲ್ಲೇ ಬ್ರಾಂಡಿಸ್ ಮತ್ತು ಗ್ರ್ಯಾಂಟ್ ವರದಿ ಬರೆದಿದ್ದರು. ಆಮೇಲೆ ಮಾಧವ ಗಾಡ್ಗೀಳ್ ಮತ್ತು ಎಂ. ಡಿ. ಸುಭಾಷ್ ಚಂದ್ರನ್ ಅವರಂಥವರು ಇವುಗಳನ್ನು ಅಭ್ಯಾಸ ಮಾಡಿದ್ದಾರೆ. ಕಾನುಗಳ ಇತಿಹಾಸ ಒಂದು ಕಪಾಟಿನಲ್ಲಿ, ಕಾಯಿಲೆಯ ಇತಿಹಾಸ ಇನ್ನೊಂದು ಕಪಾಟಿನಲ್ಲಿ ಇದೆ. ಇವೆರಡನ್ನೂ ಒಂದೇ ಮೇಜಿನ ಮೇಲೆ ಹರಡಿ ಕೂರುವ ಒಬ್ಬ ಇತಿಹಾಸದ ಸಂಶೋಧಕಿಯನ್ನು, ಸಂಶೋಧಕನನ್ನು ನಾನು ಎದುರು ನೋಡುತ್ತಿದ್ದೇನೆ.

ಇದೇ ಪ್ರಶ್ನೆಗೆ ತೀರ ಅನಿರೀಕ್ಷಿತ ಕಡೆಯಿಂದ ಒಂದು ಸಾಕ್ಷ್ಯ ಬಂತು. 1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಅಲ್ಖುರ್ಮಾ ಎಂಬ ವೈರಾಣು ಪತ್ತೆಯಾಯಿತು, ಕ್ಯಾಸನೂರಿನ ವೈರಾಣುವಿಗೆ ಅತಿ ಹತ್ತಿರದ್ದು. ಎರಡರ ಜೀನೋಮ್‌ಗಳನ್ನು ಪೂರ್ತಿ ಓದಿ ಹೋಲಿಸಿದ ಅಧ್ಯಯನವೊಂದು 2011ರಲ್ಲಿ, ಇವೆರಡರ ಪೂರ್ವಜ ಸುಮಾರು 700 ವರ್ಷ ಹಿಂದಿನದು ಎಂದು ಅಂದಾಜಿಸಿತು. ಅಂದಾಜು ಬದಲಾಗಬಹುದು. ಅದು ನಿಂತರೆ, ಈ ವೈರಾಣು 1957ರಲ್ಲಿ ಎಲ್ಲಿಂದಲೋ ಹಾರಿ ಬಂದದ್ದಲ್ಲ, ಬಹುಕಾಲದಿಂದ ಇದ್ದದ್ದು ಎಂಬ ಬೋಶೆಲ್ ಅವರ ನೋಟಕ್ಕೆ ಬಲ ಬರುತ್ತದೆ. ಆಗ ಉಳಿಯುವ ಪ್ರಶ್ನೆ, ವೈರಾಣು ಎಲ್ಲಿಂದ ಬಂತು ಎಂಬುದಲ್ಲ, ಕಾಡಿಗೂ ನಮಗೂ ನಡುವೆ ಆ ದಶಕದಲ್ಲಿ ಏನಾಯಿತು ಎಂಬುದು. ಜೀವವಿಜ್ಞಾನ ಇಲ್ಲಿ ಚೆಂಡನ್ನು ಇತಿಹಾಸಕ್ಕೆ ಒಪ್ಪಿಸಿ ನಿಂತಿದೆ.

1982-83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಸುತ್ತಮುತ್ತ ಏನಾಯಿತೆಂದು ನೆನೆದರೆ ಈಗಲೂ ಮನಸ್ಸು ಕುಗ್ಗುತ್ತದೆ. ಗೇರು ತೋಟ ಮಾಡಲೆಂದು ನೂರಾರು ಹೆಕ್ಟೇರ್ ಕಾಡನ್ನು ಬೋಳಿಸಲಾಯಿತು. ಮಂಗಗಳು ಸತ್ತವು. ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಬೋಶೆಲ್ ಅವರ ಪ್ರಬಂಧ ಅಚ್ಚಾಗಿ ಹದಿಮೂರು ವರ್ಷವಾಗಿತ್ತು. ಅದರಲ್ಲಿದ್ದ ಎಚ್ಚರಿಕೆ ಗೇರು ತೋಟದ ಕಡತ ಬರೆಯುವ ಮೇಜಿಗೆ ತಲುಪಿದ್ದಕ್ಕೆ ಗುರುತು ಕಾಣುವುದಿಲ್ಲ.

ಈ ದುರಂತವನ್ನು ಹತ್ತಿರದಿಂದ ಬರೆದವರು ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ವೈದ್ಯಕೀಯ ಮಾನವಶಾಸ್ತ್ರಜ್ಞ. ದಕ್ಷಿಣ ಕನ್ನಡದ ಹಳ್ಳಿಗಳನ್ನು 1970ರ ದಶಕದಿಂದಲೇ ಬಲ್ಲವರು. 1987ರಲ್ಲಿ ಪ್ರಕಟವಾದ ಅವರ ಪ್ರಬಂಧ ಈ ರೋಗವನ್ನು ಅಭಿವೃದ್ಧಿಯ ರೋಗ ಎಂದು ಕರೆಯಿತು. ಕಾಡು ಕಡಿಯುವ ಕೂಲಿಗೆ ಹೋದವರು ಯಾರು, ಕಾಯಿಲೆ ಬಿದ್ದ ಮನೆ ಖರ್ಚಿಗೆ ಏನು ಮಾಡಿತು, ಸರಕಾರದ ಸಲಹೆಯನ್ನು ಜನ ಹೇಗೆ ಅರ್ಥ ಮಾಡಿಕೊಂಡರು, ಕಾಡನ್ನು ಕಾಯುವ ಭೂತಗಳು ಮುನಿದಿವೆ ಎಂದು ಏಕೆ ನಂಬಿದರು, ಈ ಬಗೆಯ ಪ್ರಶ್ನೆಗಳು ಅವರವು. ಭೂತ ಮುನಿದಿದೆ ಎಂಬ ಮಾತನ್ನು ಮೂಢನಂಬಿಕೆ ಎಂದು ಪಕ್ಕಕ್ಕಿಡುವುದು ಸುಲಭ. ಕಾಡಿಗೆ ಕೊಡಲಿ ಹಾಕಿದ್ದರಿಂದ ಈ ಸಾವು ಬಂತು ಎಂದು ತುಳುನಾಡಿನ ಮನೆಗಳು ತಮ್ಮ ಭಾಷೆಯಲ್ಲಿ ಹೇಳಿದವು. ಬೋಶೆಲ್ ತಮ್ಮ ಭಾಷೆಯಲ್ಲಿ ಅದನ್ನೇ ಹೇಳಿದ್ದರು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಉಣುಗನ್ನು ತಡೆಯುವ ಉಪಾಯ ಹುಟ್ಟುವುದು ಎರಡನೆಯದರಿಂದ ಮಾತ್ರ. ಆದರೆ ಕಾರಣ ಯಾವುದು, ಹೊಣೆ ಯಾರದು ಎಂಬ ನೈತಿಕ ಪ್ರಶ್ನೆಯನ್ನು ಜನರೇ ಎತ್ತಿದ್ದರು, ಅದನ್ನು ಕೇಳಿಸಿಕೊಳ್ಳಲು ಮಾನವಶಾಸ್ತ್ರಜ್ಞನ ಕಿವಿ ಬೇಕಾಯಿತು.

ಲಸಿಕೆಯ ವಿಷಯವನ್ನು ಬೇಗ ಮುಗಿಸುತ್ತೇನೆ, ಅದು ನಿಮಗೆ ಪತ್ರಿಕೆಗಳಿಂದ ಗೊತ್ತಿರುವುದೇ. ಮೊದಲು ರಷ್ಯದ ಮೆದುಳು ಜ್ವರದ ಲಸಿಕೆಯನ್ನು ಪ್ರಯೋಗಿಸಿದರು, ಫಲಿಸಲಿಲ್ಲ. ಬಳಿಕ ಈ ವೈರಾಣುವಿನದೇ ಲಸಿಕೆ ತಯಾರಾಗಿ 1990ರಿಂದ ವ್ಯಾಪಕವಾಗಿ ಬಳಕೆಗೆ ಬಂತು. 2005ರಿಂದ 2010ರವರೆಗಿನ ಅಂಕಿಅಂಶ ನೋಡಿದ ಅಧ್ಯಯನದ ಪ್ರಕಾರ ಎರಡು ಚುಚ್ಚುಮದ್ದು ಪಡೆದವರಲ್ಲಿ ಅದು ಶೇ. 62ರಷ್ಟು, ಬೂಸ್ಟರ್ ಸೇರಿದಾಗ ಶೇ. 83ರಷ್ಟು ರಕ್ಷಣೆ ಕೊಡುತ್ತಿತ್ತು. ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು, ಚುಚ್ಚಿದಾಗ ನೋವು ಬಹಳ, ಕೂಲಿ ಬಿಟ್ಟು ಬರುವುದು ಕಷ್ಟ. 2022ರ ಹೊತ್ತಿಗೆ ಅದರ ಬಳಕೆ ನಿಂತಿತು. ಅಷ್ಟರಲ್ಲಿ ಕಾಯಿಲೆ ಶಿವಮೊಗ್ಗದ ಗಡಿ ದಾಟಿ ಉತ್ತರ ಕನ್ನಡ, ಉಡುಪಿ, ಚಿಕ್ಕಮಗಳೂರು ಸೇರಿ, 2012ರಲ್ಲಿ ಬಂಡೀಪುರ ಮುಟ್ಟಿ, ಕೇರಳದ ವಯನಾಡು, ತಮಿಳುನಾಡಿನ ನೀಲಗಿರಿ, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲೂ ಕಾಣಿಸಿಕೊಂಡಿತ್ತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಹಳ್ಳಿಗಳು ಈ ಕಾಯಿಲೆಯಿಂದ ಅನುಭವಿಸಿದ್ದನ್ನು ಈ ಸಭೆಯಲ್ಲಿ ಕೆಲವರಾದರೂ ಬಲ್ಲಿರಿ.

ಆರೋಗ್ಯ ಕಾರ್ಯಕರ್ತೆಯರು ಆ ದಿನಗಳಲ್ಲಿ ಮನೆಮನೆಗೆ ಹೇಳಿದ ಸಲಹೆ: ಕಾಡಿಗೆ ಹೋಗಬೇಡಿ, ಹೋದರೆ ಕೈಕಾಲಿಗೆ ಉಣುಗು ಓಡಿಸುವ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ತೊಳೆಯಿರಿ. ಸಲಹೆ ಸರಿಯಾದದ್ದೇ. ಆದರೆ ಸೌದೆ, ತರಗೆಲೆ, ಮೇವು ಎಲ್ಲವೂ ಕಾಡಿನಿಂದಲೇ ಬರಬೇಕಾದ ಮನೆಗೆ ಕಾಡಿಗೆ ಹೋಗಬೇಡಿ ಎಂದರೆ ಏನು ಅರ್ಥ? ಆ ಮನೆಯ ಆರ್ಥಿಕತೆಯನ್ನು ಅಭ್ಯಾಸ ಮಾಡಿದವರು, ಅರಣ್ಯ ಹಕ್ಕಿನ ಕಾನೂನು ಓದಿದವರು, ಅಡುಗೆ ಅನಿಲ ಆ ಮನೆ ತಲುಪಿದೆಯೇ ಎಂದು ಲೆಕ್ಕ ಹಾಕಿದವರು ಸಲಹೆ ಬರೆಯುವ ಸಭೆಯಲ್ಲಿ ಇದ್ದರೆ ಸಲಹೆಯ ಮಾತೇ ಬೇರೆಯಾಗುತ್ತದೆ.

ಇಂಥ ಸಭೆಯನ್ನು ಕೂಡಿಸುವ ಪ್ರಯತ್ನವೂ ನಡೆದಿದೆ ಎಂಬುದು ಸಂತೋಷದ ಸಂಗತಿ. 2020ರಲ್ಲಿ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಸೇರಿ ಶಿವಮೊಗ್ಗ ಜಿಲ್ಲೆಯ ಅಪಾಯದ ಜಾಗಗಳ ಮಾದರಿಯೊಂದನ್ನು ಪ್ರಕಟಿಸಿದರು. ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳವರನ್ನು ಮೊದಲಿನಿಂದಲೇ ಜೊತೆಗೆ ಕೂರಿಸಿಕೊಂಡು ಕಟ್ಟಿದ ಮಾದರಿ ಅದು. ಉಪಗ್ರಹದ ಚಿತ್ರ, ಜಾನುವಾರು ಗಣತಿ, ರೋಗಿಗಳ ದಾಖಲೆ ಮೂರನ್ನೂ ಹೊಂದಿಸಿ ನೋಡಿದಾಗ ಕಂಡದ್ದೇನು? ನಿತ್ಯಹರಿದ್ವರ್ಣ ಕಾಡು ಮತ್ತು ತೋಟ ಒಂದಕ್ಕೊಂದು ಹೆಣೆದುಕೊಂಡಿರುವ ಕಡೆ, ನಾಟಿ ದನಗಳು ಹೆಚ್ಚಿರುವ ಕಡೆ ಅಪಾಯ ಹೆಚ್ಚು. 1969ರಲ್ಲಿ ಬೋಶೆಲ್ ಕಾಲ್ನಡಿಗೆಯಲ್ಲಿ ಕಂಡ ಕಾಡಂಚು ಮತ್ತು ದನ ಮತ್ತೆ ನಕಾಶೆಯ ಮೇಲೆ ಎದ್ದು ಬಂದವು. ನಡುವೆ 51 ವರ್ಷ. ಈ ಹೊಸ ಅಧ್ಯಯನದ ಮೌಲ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ, ಊಹೆಯಾಗಿದ್ದದ್ದನ್ನು ಅದು ಲೆಕ್ಕಕ್ಕೆ ತಂದಿತು, ಯಾವ ಊರಿಗೆ ಮೊದಲು ಹೋಗಬೇಕೆಂದು ತೋರಿಸುವ ಸಾಧನವಾಯಿತು. ನನ್ನ ಸಂಕಟ ನಡುವಿನ ಆ ವರ್ಷಗಳ ಬಗ್ಗೆ. ಅಷ್ಟು ಕಾಲ ದನದ ಮೈಮೇಲಿನ ಉಣುಗು ಪಶುವೈದ್ಯರ ವಿಷಯವಾಗಿ, ಮನುಷ್ಯನ ಜ್ವರ ವೈದ್ಯರ ವಿಷಯವಾಗಿ, ಮಂಗನ ಹೆಣ ಅರಣ್ಯ ಇಲಾಖೆಯ ವಿಷಯವಾಗಿ ಬೇರೆಬೇರೆ ಉಳಿದವು.

ವಿದ್ಯೆಗಳು ಒಂದರ ತಪ್ಪನ್ನು ಇನ್ನೊಂದು ತಿದ್ದುವುದಕ್ಕೂ ಸಾಗರ ತಾಲ್ಲೂಕೇ ಸಾಕ್ಷಿ. ಹಂದಿಗೋಡು ಕಾಯಿಲೆ 1970ರ ದಶಕದಲ್ಲಿ ಸುದ್ದಿಯಾದಾಗ, ಬಡ ದಲಿತ ಕುಟುಂಬಗಳ ಕೀಲುಗಳನ್ನು ಸವೆಸುವ ಆ ರೋಗಕ್ಕೆ ಗದ್ದೆಯ ಕೀಟನಾಶಕ ಸೇರಿದ ಏಡಿ ತಿಂದದ್ದು ಕಾರಣವಿರಬಹುದೆಂದು ಪೋಷಣಾ ತಜ್ಞರು ಶಂಕಿಸಿದ್ದರು. ಬಳಿಕ ವಂಶಾವಳಿ ಬಿಡಿಸಿ ನೋಡಿದ ತಳಿವಿಜ್ಞಾನಿಗಳು ಅದು ಅನುವಂಶೀಯ ಎಂದು ತೋರಿಸಿದರು.

ಸಾಹಿತ್ಯದ ವಿದ್ಯಾರ್ಥಿಗಳು ತಮಗೆ ಇದರಲ್ಲೆಲ್ಲ ಏನು ಪಾಲು ಎಂದು ಕೇಳಬಹುದು. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಿದ್ದೀರಿ. ಅದರಲ್ಲಿ ದೊಡ್ಡ ವಿಜ್ಞಾನಿಗೆ ಬೇಕಾದ ಜ್ಞಾನ ಇರುವುದು ಯಾರೂ ಲೆಕ್ಕಕ್ಕಿಡದ ಮಂದಣ್ಣನ ಬಳಿ. ಪ್ರಯೋಗಾಲಯಕ್ಕೂ ಊರಿಗೂ ಇರುವ ಈ ಸಂಬಂಧವನ್ನು ಆರೋಗ್ಯ ಯೋಜನೆಗಳು ಗುರುತಿಸುವ ಎಷ್ಟೋ ಮೊದಲು ಕನ್ನಡ ಕಾದಂಬರಿ ಗುರುತಿಸಿತ್ತು. ಮಂಗ ಸತ್ತ ಸುದ್ದಿಯನ್ನು ಮೊದಲು ತರುವುದು ಇಂದಿಗೂ ದನ ಕಾಯುವವರು, ಸೌದೆಗೆ ಹೋದವರು. ಉಣುಗಿನ ಬಗ್ಗೆ, ದನಗಳ ಬಗ್ಗೆ, ಕಾನಿನ ದೇವರ ಬಗ್ಗೆ ಊರಿನವರು ಹೇಳುವ ಮಾತುಗಳನ್ನು ಜಾನಪದ ಸಂಗ್ರಹವೆಂದು ಬರೆದಿಟ್ಟ ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕ ನಾಳೆ ರೋಗ ತಜ್ಞರಿಗೆ ಬೇಕಾಗಬಹುದು. ಬೇಕಾಗದಿದ್ದರೂ ಆ ಸಂಗ್ರಹಕ್ಕೆ ಅದರದೇ ಬೆಲೆ ಇದೆ. ಮಾನವಿಕಗಳ ಸಂಶೋಧನೆ ವಿಜ್ಞಾನಕ್ಕೆ ಉಪಯೋಗವಾದರೆ ಮಾತ್ರ ಸಾರ್ಥಕ ಎಂಬ ವಾದವನ್ನು ನಾನು ಒಪ್ಪುವವನಲ್ಲ.

ಇಂದು ಹಣ ಕೊಡುವವರು ಸಂಶೋಧನೆಯನ್ನು ಬೇಗ ಫಲ ಕೊಡುವ ಕಡೆಗೆ ದೂಡುತ್ತಿದ್ದಾರೆ. ಪ್ರಬಂಧಗಳ ಎಣಿಕೆಯ ಮೇಲೆ ಬಡ್ತಿ ನಿಂತಿದೆ. ಹತ್ತು ವರ್ಷ ಒಂದೇ ಕಾಡಿನಲ್ಲಿ ಉಣುಗು ಎಣಿಸುತ್ತೇನೆ, ಒಂದೇ ತಾಲ್ಲೂಕಿನ ಕಂದಾಯ ಕಡತ ಓದುತ್ತೇನೆ ಎನ್ನುವ ಯುವಕ ಯುವತಿಯರಿಗೆ ಬೆಂಬಲ ಕಡಿಮೆ. ಕ್ಯಾಸನೂರಿನ ವಿಷಯದಲ್ಲಿ ನಮಗೆ ಉಳಿದಿರುವ ಗಟ್ಟಿ ಜ್ಞಾನ ಬಂದದ್ದು ಮಾತ್ರ ಅಂಥ ನಿಧಾನದ ಕೆಲಸದಿಂದ. ಅದರಲ್ಲೂ ನೋವಿನ ಸಂಗತಿ, ಈ ಜ್ಞಾನದ ಬಹುಪಾಲು ಇಂಗ್ಲಿಷಿನ ನಿಯತಕಾಲಿಕೆಗಳಲ್ಲಿದೆ. ಸೊರಬದ, ಸಾಗರದ, ಬೆಳ್ತಂಗಡಿಯ ನೆಲದ ಮೇಲೆ, ಅಲ್ಲಿನವರ ರಕ್ತದ ಮಾದರಿಯಿಂದ, ಅಲ್ಲಿನವರ ಮಾತಿನಿಂದ ಬೆಳೆದ ವಿದ್ಯೆ ಅವರ ಓದಿಗೆ ಸಿಗದಂತಿದೆ.

ಆದ್ದರಿಂದ ನನ್ನದೊಂದು ಬೇಡಿಕೆ, ಇದನ್ನು ಇಲ್ಲಿರುವ ಪ್ರಾಧ್ಯಾಪಕರ ಮುಂದೆ, ವಿಶ್ವವಿದ್ಯಾಲಯಗಳ ಆಡಳಿತ ನಡೆಸುವವರ ಮುಂದೆ ಇಡುತ್ತೇನೆ. ಕರ್ನಾಟಕದ ಯಾವುದೇ ಊರಿನ ನೆಲ, ನೀರು, ಜನ, ಮಾತುಗಳ ಮೇಲೆ ಮಾಡಿದ ಪಿಎಚ್.ಡಿ. ಪ್ರಬಂಧದ ತಿರುಳನ್ನು ಹದಿನೈದು ಇಪ್ಪತ್ತು ಪುಟದಷ್ಟು ತಿಳಿಗನ್ನಡದಲ್ಲಿ ಬರೆದು ಆ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಒಪ್ಪಿಸಿದ ಮೇಲೆಯೇ ಪದವಿ ಕೊಡಿ. ವಿಜ್ಞಾನದ ಪ್ರಬಂಧಕ್ಕೂ ಈ ನಿಯಮ ಇರಲಿ, ಸಮಾಜಶಾಸ್ತ್ರಕ್ಕೂ ಇರಲಿ, ಕನ್ನಡ ವಿಭಾಗಕ್ಕೂ ಇರಲಿ. ಆ ಬರಹವನ್ನು ಬೇರೆ ವಿಭಾಗದ ಒಬ್ಬ ಅಧ್ಯಾಪಕರು ಓದಿ ಒಪ್ಪಬೇಕು ಎಂಬುದನ್ನೂ ಸೇರಿಸಿ. ಇದಕ್ಕೆ ದೊಡ್ಡ ಹಣ ಬೇಕಿಲ್ಲ. ವಿದ್ಯಾರ್ಥಿಗಳೆ, ನಿಯಮ ಬರುವವರೆಗೆ ಕಾಯಬೇಡಿ. ನಿಮ್ಮ ಪ್ರಬಂಧದ ಕೊನೆಯ ಅಧ್ಯಾಯವನ್ನು ಟೈಪು ಮಾಡಿ ಮುಗಿಸಿದ ವಾರವೇ ಈ ಕೆಲಸಕ್ಕೆ ಕೂರಿ, ಬರೆದದ್ದನ್ನು ನೀವೇ ಆ ಊರಿಗೆ ಒಯ್ದು ಕೊಡಿ.